ಅಧ್ಯಕ್ಷರು ಒಬ್ಬರು, ಅಡುಗೆಯವರು ಹನ್ನೆರಡು

ಎಣ್ಣೆಯ ಬೆಲೆ ಬಿದ್ದ ಮೇಲೆ ಮಸ್ಕತ್ತಿನ ಪಂಪುಗಳಲ್ಲಿ ಪೆಟ್ರೋಲಿನ ಬೆಲೆ ಏರಿತು. ಅದು ಹೇಗೆ ಎಂದು ಗಂಡ ಎಲಿಯಾಸ್ ಮೂರು ಸಲ ಬಿಡಿಸಿ ಹೇಳಿದ. ಆಲ್ಬಿನಾಳಿಗೆ ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಕಾಣಲಿಲ್ಲ. ಮೇಲೆ ಏನೇ ಬಿದ್ದರೂ ಕೆಳಗಿರುವವರ ಕೆಲಸ ಏರುತ್ತದೆ ಎನ್ನುವ ಅರ್ಥಶಾಸ್ತ್ರವನ್ನು ಅವಳು ಅಡುಗೆಮನೆಯಲ್ಲೇ ಕಲಿತಿದ್ದಳು.

ಎಲಿಯಾಸ್ ರುಸೈಲ್‌ನ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅಲ್ಲಿ ಓವರ್‌ಟೈಮ್ ನಿಂತಿತು, ಮನೆಯಲ್ಲಿ ಶುರುವಾಯಿತು. ವಾರಕ್ಕೆರಡು ಸಲ ನೆಲ ಒರೆಸಲು ಬರುತ್ತಿದ್ದವಳನ್ನು ಬಿಡಿಸಿದ್ದಾಯಿತು. ಹೋಟೆಲ್ ಊಟ ನಿಂತಿತು. ಮೊದಲು ರಾತ್ರಿ ಎಂಟಕ್ಕೆ ಬರುತ್ತಿದ್ದ ಗಂಡ ಈಗ ಸಂಜೆ ನಾಲ್ಕೂವರೆಗೇ ಬಂದು, ಸೋಫಾದ ಮೇಲೆ ಉದ್ದಕ್ಕೆ ಮಲಗಿ, ದೇಶದ ಭವಿಷ್ಯದ ಬಗ್ಗೆ ಚಿಂತಿಸುತ್ತ ಎರಡು ಹೆಚ್ಚುವರಿ ಚಹಾ ಕುಡಿಯತೊಡಗಿದ. ರೂವಿಯ ಹಲ್ಲಿನ ಆಸ್ಪತ್ರೆಯೊಂದರ ಮುಂಗಟ್ಟೆಯಲ್ಲಿ ಕೂತು ದಿನವಿಡೀ ಜನರ ಹೆಸರು ಬರೆದುಕೊಳ್ಳುವ ಆಲ್ಬಿನಾ ಮನೆಗೆ ಬಂದಾಗ, ಲೋಟಗಳು ಟೀಪಾಯಿಯ ಮೇಲೆ ಸಾಲಾಗಿ ನಿಂತು ಅವಳಿಗಾಗಿ ಕಾಯುತ್ತಿದ್ದವು.

ಶಿರ್ವದ ಹುಡುಗಿ ಅವಳು. ತೊಂಬತ್ತೊಂದರಲ್ಲಿ ಊರಿನ ಶಾಲೆಯಲ್ಲಿ ಒಂದೇ ಒಂದು ಸಲ ಓಟು ಹಾಕಿದ್ದಳು, ಉದ್ದನೆಯ ಕಾಗದಕ್ಕೆ ಮೊಹರೊತ್ತಿ. ತೊಂಬತ್ತಮೂರರಲ್ಲಿ ಮದುವೆಯಾಗಿ ಮಸ್ಕತ್ತಿಗೆ ಬಂದಳು. ಆಮೇಲೆ ಇಪ್ಪತ್ತಮೂರು ವರ್ಷ ಯಾರೂ ಅವಳನ್ನು ಏನನ್ನೂ ಆರಿಸು ಎಂದು ಕೇಳಲಿಲ್ಲ. ಮಧ್ಯಾಹ್ನಕ್ಕೆ ಮೀನೋ ಕೋಳಿಯೋ ಎಂಬುದೊಂದನ್ನು ಬಿಟ್ಟರೆ. ಅದನ್ನೂ ಎಲಿಯಾಸ್ ಮೊದಲೇ ನಿರ್ಧರಿಸಿರುತ್ತಿದ್ದ.

ಅವರು ಸೇರಿದ್ದ ಕನ್ನಡಿಗರ ಬಳಗದಲ್ಲೂ ಅದೇ ಕ್ರಮ. ಮೂವತ್ತೆಂಟು ಕುಟುಂಬಗಳು, ಕರಾವಳಿಯವರು ಅರ್ಧ, ಮೈಸೂರು-ಬೆಂಗಳೂರಿನವರು ಅರ್ಧ. ಕುಟುಂಬಕ್ಕೊಂದು ಸದಸ್ಯತ್ವ, ಕುಟುಂಬಕ್ಕೊಂದು ಓಟು. ಪುಸ್ತಕದಲ್ಲಿ 'ಎಲಿಯಾಸ್ ಮತ್ತು ಕುಟುಂಬ' ಎಂದಿತ್ತು. ಆ 'ಮತ್ತು ಕುಟುಂಬ' ವಾರ್ಷಿಕ ಸಭೆಯ ದಿನ ಪಕ್ಕದ ಕೋಣೆಯಲ್ಲಿ ಗೋಳಿಬಜೆ ಕರಿಯುತ್ತಿತ್ತು. ಒಳಗೆ ಗಂಡಸರು ಕೈಯೆತ್ತುತ್ತಿದ್ದರು, ದೊರೆಸ್ವಾಮಿಯವರು ಅವಿರೋಧವಾಗಿ ಅಧ್ಯಕ್ಷರಾಗುತ್ತಿದ್ದರು, ಚಪ್ಪಾಳೆ ಕೇಳಿದೊಡನೆ ಹೆಂಗಸರು ತಟ್ಟೆ ಹಿಡಿದು ಒಳಗೆ ಹೋಗುತ್ತಿದ್ದರು. ಒಂಬತ್ತು ವರ್ಷದಿಂದ ಪ್ರಜಾಪ್ರಭುತ್ವವೂ ಗೋಳಿಬಜೆಯೂ ಸರಿಯಾಗಿ ಒಂದೇ ಹೊತ್ತಿಗೆ ಬೇಯುತ್ತಿದ್ದವು.

ಆ ವರ್ಷ ಮೇ ಕೊನೆಗೆ ಬಳಗದ ಹಬ್ಬದೂಟ. ಹಿಂದೆಲ್ಲ ಊಟ ಹೋಟೆಲಿನಿಂದ ಬರುತ್ತಿತ್ತು. ಹೆಂಗಸರದ್ದು ಒಂದೆರಡು 'ಸ್ಪೆಷಲ್' ಮಾತ್ರ. ಈ ಸಲ ಜಾಹೀರಾತು ಕೊಡುತ್ತಿದ್ದ ಕಂಪನಿಗಳು ಕೈಯೆತ್ತಿದವು. ದೊರೆಸ್ವಾಮಿಯವರು ವಾಟ್ಸಾಪ್ ಗ್ರೂಪಿನಲ್ಲಿ ಘೋಷಿಸಿದರು: ಈ ವರ್ಷದ ವಿಶೇಷ, ಅಮ್ಮನ ಕೈರುಚಿ! ನೂರೈವತ್ತು ಜನರಿಗೆ ಮನೆ ಅಡುಗೆ! ಲೇಡೀಸ್ ವಿಂಗ್‌ನ ಹೊಣೆ ಎಂದಿನಂತೆ ಆಲ್ಬಿನಾ ಅವರದ್ದು.

ಆಲ್ಬಿನಾ ಆ ಸಂದೇಶವನ್ನು ಎರಡು ಸಲ ಓದಿ ಫೋನ್ ಮಾಡಿದಳು.

"ಸಾರ್, ಈ ವರ್ಷ ನನ್ನಿಂದ ಆಗುದಿಲ್ಲ. ಮೊಣಗಂಟು ನೋವುಂಟು. ಮೂರು ದಿನದ ಕೆಲಸ ಅದು."

"ಅಯ್ಯೋ, ಹಂಗಂದ್ರೆ ಹೆಂಗೆ ಆಲ್ಬಿನಾ ಅವ್ರೇ? ನಿಮ್ಮ ಕೈಗುಣ ಬೇರೆ ಯಾರಿಗಿದೆ ಹೇಳಿ? ನೀವು ಸಾಕ್ಷಾತ್ ಅನ್ನಪೂರ್ಣೆ ಕಣ್ರೀ!"

ಚರ್ಚಿನ ಭಾನುವಾರದ ಪೂಜೆ ತಪ್ಪಿಸದ ಹೆಂಗಸನ್ನು ದೊರೆಸ್ವಾಮಿಯವರು ಒಂದೇ ಮಾತಿನಲ್ಲಿ ದೇವಿಯನ್ನಾಗಿ ಮಾಡಿ ಒಲೆಯ ಮುಂದೆ ಪ್ರತಿಷ್ಠಾಪಿಸಿಬಿಟ್ಟರು. ಆಲ್ಬಿನಾ ಗಂಡನ ಕಡೆ ತಿರುಗಿದಳು.

"ನೀವಾದರೂ ಹೇಳಿ. ಆಹಾರ ಸಮಿತಿ ಅಂತ ಗಂಡಸರದ್ದೊಂದು ಉಂಟಲ್ಲ?"

ಇತ್ತು. ಅದು ಬಳಗದ ಅತಿ ಗೌರವದ ಸಮಿತಿ. ಅದರ ಸದಸ್ಯರು ಎದೆಗೆ ಹಳದಿ ಬ್ಯಾಡ್ಜ್ ಚುಚ್ಚಿಕೊಂಡು, ಬಡಿಸುವ ಮೇಜಿನ ಹಿಂದೆ ಕೈಕಟ್ಟಿ ನಿಂತು, "ಇನ್ನೂ ಸ್ವಲ್ಪ ಹಾಕಿಸ್ಕೊಳ್ಳಿ" ಎಂದು ಉಪಚಾರ ಹೇಳುತ್ತಿದ್ದರು.

"ಒಂದು ದಿನದ ಮಾತಲ್ವಾ ಆಬಿ," ಎಂದ ಎಲಿಯಾಸ್ ಸೋಫಾದಿಂದ. "ಎಲ್ಲರಿಗೂ ಖುಷಿ ಆಗ್ತದೆ."

ಆಲ್ಬಿನಾ ಟೀಪಾಯಿಯ ಮೇಲಿನ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ನೂರೈವತ್ತು ಎಲೆಯ ಅಡುಗೆ ಈ ಸಲ ತಾನು ಮಾಡುವುದಿಲ್ಲ ಎಂದು ಮನಸ್ಸಿನಲ್ಲಿ ನಿರ್ಧರಿಸಿದಳು. ಮಾಡದೆ ಇರುವುದು ಹೇಗೆ ಎಂಬುದೊಂದು ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ಅದನ್ನು ತಿಳಿಸಿಕೊಟ್ಟವಳು ಮರಿಸೆಲ್. ಆಸ್ಪತ್ರೆಯಲ್ಲಿ ಡಾಕ್ಟರಿಗೆ ಸಹಾಯಕಿ, ಫಿಲಿಪೀನ್ಸಿನ ಇಲೊಯಿಲೊದವಳು. ಆ ಏಪ್ರಿಲ್‌ನಿಂದ ಮೇ ತನಕ ಅವರ ದೇಶದ ಅಧ್ಯಕ್ಷರ ಚುನಾವಣೆ, ಸಂಸತ್ತಿನದೂ ಜೊತೆಗೇ. ಹೊರದೇಶದಲ್ಲಿ ದುಡಿಯುವವರಿಗೆ ಅಲ್ಲಲ್ಲೇ ಓಟು ಹಾಕಲು ಒಂದು ತಿಂಗಳ ಅವಕಾಶ. ಒಂದು ಶುಕ್ರವಾರ ಆಲ್ಬಿನಾ ಅವಳನ್ನು ತನ್ನ ಕಾರಿನಲ್ಲೇ ಅವರ ರಾಯಭಾರ ಕಚೇರಿಗೆ ಕರೆದುಕೊಂಡು ಹೋದಳು. ಮನೆಕೆಲಸದ ಹೆಂಗಸರು, ನರ್ಸುಗಳು, ಬ್ಯೂಟಿ ಪಾರ್ಲರಿನ ಹುಡುಗಿಯರು ಬಿಸಿಲಿನಲ್ಲಿ ಕೊಡೆ ಹಿಡಿದು ಹಬ್ಬಕ್ಕೆ ಬಂದವರಂತೆ ಸಾಲು ನಿಂತಿದ್ದರು. ಆಲ್ಬಿನಾ ಕಾರಿನಲ್ಲಿ ಕೂತು ಆ ಸಾಲನ್ನೇ ನೋಡಿದಳು. ತನಗಾದರೆ ವಿಮಾನ ಹತ್ತಿ ಶಿರ್ವಕ್ಕೆ ಹೋಗಿ ಬಟನ್ ಒತ್ತಬೇಕು.

ಮರಿಸೆಲ್ ಗೆದ್ದವಳಂತೆ ಹೊರಗೆ ಬಂದಳು. ಹಲ್ಲಿನ ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಚೀಟಿಯ ಹಿಂದೆ ಪೆನ್ನಿನಲ್ಲಿ ಮೊಟ್ಟೆ ಮೊಟ್ಟೆ ಬರೆದು ತೋರಿಸಿದಳು.

"ಹೀಗೆ ಮ್ಯಾಮ್. ಪ್ರತಿ ಹೆಸರಿನ ಪಕ್ಕ ಒಂದು ಮೊಟ್ಟೆ. ಬೇಕಾದವರ ಮೊಟ್ಟೆ ಪೂರ್ತಿ ಕಪ್ಪು ಮಾಡಬೇಕು. ಅಧ್ಯಕ್ಷ ಒಬ್ಬ. ಉಪಾಧ್ಯಕ್ಷ ಒಬ್ಬ, ಅದು ಬೇರೆ ಓಟು."

"ಅಧ್ಯಕ್ಷ ಒಂದು ಪಕ್ಷ, ಉಪಾಧ್ಯಕ್ಷ ಇನ್ನೊಂದು ಪಕ್ಷ ಬಂದರೆ?"

"ಬರ್ತಾರೆ. ಆರು ವರ್ಷ ಒಟ್ಟಿಗೇ ಇರ್ತಾರೆ."

"ಗಂಡ ಹೆಂಡತಿ ಹಾಗೆ," ಎಂದಳು ಆಲ್ಬಿನಾ.

ಮರಿಸೆಲ್ ಕಾರಿನ ಡ್ಯಾಶ್‌ಬೋರ್ಡಿಗೆ ಹಣೆ ತಾಗುವಷ್ಟು ನಕ್ಕಳು. "ಆಮೇಲೆ ಸೆನೆಟರ್‌ಗಳು ಹನ್ನೆರಡು. ಪಕ್ಷದ ಪಟ್ಟಿಯಿಂದ ಒಂದು. ಹನ್ನೆರಡಕ್ಕೆ ಎಂಟೇ ತುಂಬಿದರೂ ನಡೀತದೆ. ಆದರೆ ಹೇಳಿದ್ದಕ್ಕಿಂತ ಒಂದು ಜಾಸ್ತಿ ತುಂಬಿದಿರೋ, ಆ ಹುದ್ದೆಯ ಓಟು ಖಲಾಸ್! ಇಬ್ಬರು ಅಧ್ಯಕ್ಷರಿಗೆ ತುಂಬಿದರೆ ಇಬ್ಬರಿಗೂ ಇಲ್ಲ. ಉಳಿದದ್ದು ಲೆಕ್ಕಕ್ಕೆ ಬರ್ತದೆ."

"ಯಾರಿಗೆ ಹಾಕಿದೆ?"

"ನನ್ನ ಗಂಡ ಊರಿಂದ ನಲವತ್ತು ನಿಮಿಷ ಫೋನಿನಲ್ಲಿ ಹೇಳಿದ, ಇಂಥವರಿಗೇ ಹಾಕು ಅಂತ. ಓಕೆ ಓಕೆ ಅಂದೆ. ಒಳಗೆ ಹೋದರೆ ಕಾಗದ ಮುಚ್ಚಿಕೊಳ್ಳಲಿಕ್ಕೆ ಒಂದು ಫೋಲ್ಡರ್ ಕೊಡ್ತಾರೆ ಮ್ಯಾಮ್. ಧೈರ್ಯ ಎಲ್ಲ ಬೇಡ. ಫೋಲ್ಡರ್ ಇದ್ದರೆ ಸಾಕು."

ಆಲ್ಬಿನಾ ಆ ಚೀಟಿಯನ್ನು ಕೈಚೀಲದಲ್ಲಿ ಇಟ್ಟುಕೊಂಡಳು.

ಅದೇ ವಾರ ಬಳಗದಲ್ಲಿ ಭೂಕಂಪವಾಯಿತು. ಹಬ್ಬದೂಟಕ್ಕೆ ಮೊದಲು ನಡೆಯುವ ವಾರ್ಷಿಕ ಸಭೆಯಲ್ಲಿ ಬೆಂಗಳೂರಿನ ಕಿಶೋರ್ ಎಂಬ ನೆಟ್‌ವರ್ಕ್ ಇಂಜಿನಿಯರ್ ಅಧ್ಯಕ್ಷ ಸ್ಥಾನಕ್ಕೆ ತಾನೂ ನಿಲ್ಲುತ್ತೇನೆಂದ. ಒಂಬತ್ತು ವರ್ಷದಲ್ಲಿ ಕಂಡರಿಯದ ಸಂಗತಿ. ಇನ್ನು ಕೈಯೆತ್ತಿದರೆ ಆಗದು. ಯಾರ ಕೈ ಯಾರ ಕಡೆ ಎಂದು ಎಲ್ಲರಿಗೂ ಕಾಣುತ್ತದೆ. ಗುಪ್ತ ಮತದಾನವಾಗಬೇಕು, ಅದಕ್ಕೊಬ್ಬ ಚುನಾವಣಾಧಿಕಾರಿ ಬೇಕು. ಯಾವ ಪಕ್ಷಕ್ಕೂ ಸೇರದ ಮನುಷ್ಯ ಯಾರೆಂದು ಹುಡುಕಿ ಎಲಿಯಾಸನನ್ನು ಆರಿಸಿದರು. ಅವನು ತನ್ನ ಮನೆಯಲ್ಲೂ ಯಾವ ಪಕ್ಷಕ್ಕೂ ಸೇರಿದವನಾಗಿರಲಿಲ್ಲ.

ಎಲಿಯಾಸ್ ಒಂದು ಸಂಜೆ ಪೂರ್ತಿ ಆ ಗೌರವವನ್ನು ಅನುಭವಿಸಿದ. ಮಾರನೆಯ ದಿನ, ಎಲ್ಲ ಕೆಲಸಗಳೂ ಆ ಮನೆಯಲ್ಲಿ ಹೋಗುವ ದಾರಿಯಲ್ಲೇ ಅದೂ ಹೋಯಿತು.

"ಆಬಿ, ಆ ಬ್ಯಾಲೆಟ್ ಪೇಪರ್ ಒಂದು ನೀನೇ ಮಾಡಿ ಪ್ರಿಂಟ್ ತೆಗಿ ಮಾರಾಯ್ತಿ. ನಿನ್ನ ಆಸ್ಪತ್ರೆಯಲ್ಲಿ ಪ್ರಿಂಟರ್ ಉಂಟಲ್ಲ."

"ನಾನಾ?"

"ಚಿಕ್ಕ ಕೆಲಸ."

"ಹೌದು," ಎಂದಳು ಆಲ್ಬಿನಾ. "ಚಿಕ್ಕ ಕೆಲಸ."

ಅವಳು ಬಳಗದ ಪುಸ್ತಕವನ್ನು ಮುಂದಿಟ್ಟುಕೊಂಡು ನಿಯಮಗಳನ್ನು ಅಕ್ಷರ ಬಿಡದೆ ಓದಿದಳು. ಅಧ್ಯಕ್ಷರು, ಒಬ್ಬರು. ಆಹಾರ ಸಮಿತಿ, ಹನ್ನೆರಡು ಮಂದಿ. ಸದಸ್ಯರೆಲ್ಲರೂ ಅರ್ಹರು. ಸದಸ್ಯರೆಂದರೆ ಪುಸ್ತಕದಲ್ಲಿ ಹೆಸರಿದ್ದವರು. ಪುಸ್ತಕದಲ್ಲಿ ಮೂವತ್ತೆಂಟು ಹೆಸರು, ಮೂವತ್ತೆಂಟೂ ಗಂಡಸರದ್ದು. ಅವಳು ನಿಯಮಕ್ಕೆ ಒಂದು ಕೂದಲೆಳೆಯಷ್ಟೂ ತಪ್ಪದಂತೆ ಅಧ್ಯಕ್ಷರಿಗೆ ಇಬ್ಬರ, ಆಹಾರ ಸಮಿತಿಗೆ ಎಲ್ಲರ ಹೆಸರನ್ನೂ ಬರೆದು, ಪಕ್ಕಕ್ಕೊಂದು ಮೊಟ್ಟೆ ಇಟ್ಟಳು. ಕೆಳಗೆ ಸೂಚನೆಗಳು. ಒಂದು: ಮಿತಿಗಿಂತ ಹೆಚ್ಚು ತುಂಬಿದರೆ ಆ ಹುದ್ದೆಯ ಮತ ರದ್ದು. ಎರಡು: ಚುನಾವಣಾಧಿಕಾರಿಯ ಕುಟುಂಬದ ಮತವನ್ನು ಅವರ ಪತ್ನಿ ಹಾಕುವರು. ಮೂರು: ಆಹಾರ ಸಮಿತಿಯ ಕೆಲಸಗಳು – ಸಾಮಾನು ತರುವುದು, ತರಕಾರಿ ಹೆಚ್ಚುವುದು, ಅರೆಯುವುದು, ಬೇಯಿಸುವುದು, ಬಡಿಸುವುದು, ಪಾತ್ರೆ ತೊಳೆಯುವುದು. ಅಕ್ಷರ ಸಣ್ಣದೇನಲ್ಲ, ಮೇಲಿನ ಹೆಸರುಗಳಷ್ಟೇ ದೊಡ್ಡದು. ಏನನ್ನೂ ಮುಚ್ಚಿಡುವ ಅಗತ್ಯ ಅವಳಿಗೆ ಕಾಣಲಿಲ್ಲ. ಹದಿನಾಲ್ಕು ವರ್ಷ ಹಲ್ಲು ಕೀಳಿಸಿಕೊಳ್ಳುವವರ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡವಳು ಅವಳು. ಸಹಿ ಹಾಕುವವನು ಓದುವುದಿಲ್ಲ.

ದೊರೆಸ್ವಾಮಿಯವರೇ ಆ ಬುಧವಾರ ದವಡೆ ಹಲ್ಲಿಗೆ ಬಂದರು. ಅರ್ಧ ಮುಖ ಮರಗಟ್ಟಿಸಿಕೊಂಡು ಹೊರಗೆ ಕೂತಿದ್ದವರ ಮುಂದೆ ಆಲ್ಬಿನಾ ಮತಪತ್ರದ ನಕಲನ್ನು ಇಟ್ಟಳು.

"ಸಾರ್, ಓದಿ ಸಹಿ ಹಾಕಿ."

ಅವರು ತಮ್ಮ ಹೆಸರು ಮೊದಲು ಬಂದಿದೆಯೇ ಎಂದು ನೋಡಿ ಸಹಿ ಹಾಕಿದರು.

"ಪೂರ್ತಿ ಓದಿ ಸಾರ್."

"ಹೂಂ, ಹೂಂ," ಎಂದರು ದೊರೆಸ್ವಾಮಿ, ಹತ್ತಿಯ ಸಂದಿಯಿಂದ.

ನಕಲು ಒಂದು ವಾರ ಗ್ರೂಪಿನಲ್ಲಿತ್ತು. ಕಿಶೋರ್ ಮಾತ್ರ ಒಂದು ಆಕ್ಷೇಪ ಎತ್ತಿದ, ಅಭ್ಯರ್ಥಿಗಳ ಫೋಟೋ ಇಲ್ಲವೆಂದು. ಮೂವತ್ತೆಂಟು ಮನೆಗಳಲ್ಲಿ ಮೂರನೆಯ ಸೂಚನೆಯವರೆಗೆ ಓದಿದ್ದು ಒಬ್ಬರೇ: ದೊರೆಸ್ವಾಮಿಯವರ ಹೆಂಡತಿ ಅಂಬುಜಮ್ಮ. ಸಭೆಯ ದಿನ ಶುಂಠಿ ಹೆರೆಯುತ್ತ ಕೂತವರು, ಕನ್ನಡಕ ಮೂಗಿನ ತುದಿಗೆ ಜಾರಿಸಿ ಆಲ್ಬಿನಾಳನ್ನು ನೋಡಿದರು.

"ಅರೆಯೋದೂ ಬರ್ದಿದೀಯಲ್ಲೇ."

"ಬರೆದಿದ್ದೇನೆ ಅಂಬುಜಮ್ಮ."

"ನಾನೇನೂ ನೋಡಿಲ್ಲಮ್ಮ," ಎಂದು ಅವರು ಮತ್ತೆ ಶುಂಠಿಗೆ ತಲೆ ಬಗ್ಗಿಸಿದರು. ಆದರೆ ಭುಜ ಕುಲುಕುತ್ತಿತ್ತು.

ಮತದಾನ ಗಂಭೀರವಾಗಿಯೇ ನಡೆಯಿತು. ಆಲ್ಬಿನಾ ತನ್ನ ಮಗಳು ಕ್ಯಾರೆನ್‌ಳ ಹಳೆಯ ಶಾಲಾ ಫೋಲ್ಡರ್‌ಗಳನ್ನು ತಂದಿಟ್ಟಿದ್ದಳು. ಕಾರ್ಟೂನು ರಾಜಕುಮಾರಿಯರ ಹಿಂದೆ ಅಡಗಿ ಗಂಡಸರು ಒಬ್ಬೊಬ್ಬರೇ ಮೊಟ್ಟೆ ತುಂಬಿದರು. ಅವರ ಕಷ್ಟ ಅವರಿಗೇ ಗೊತ್ತು. ದೊರೆಸ್ವಾಮಿಯವರು ಯಾರದ್ದೋ ಮಗುವಿಗೆ ಶಾಲೆಯ ಸೀಟು ಕೊಡಿಸಿದ್ದರು, ಯಾರಿಗೋ ವೀಸಾ ಕೊಟ್ಟ ಕಫೀಲ್ ಧಣಿಯ ಬಳಿ ಮಾತಾಡಿ ಪಾಸ್‌ಪೋರ್ಟ್ ಬಿಡಿಸಿದ್ದರು. ಕಿಶೋರ್ ಎಲ್ಲರ ಲ್ಯಾಪ್‌ಟಾಪ್ ರಿಪೇರಿ ಮಾಡಿದ್ದ, ನಸುಕಿನಲ್ಲೆದ್ದು ವಿಮಾನ ನಿಲ್ದಾಣಕ್ಕೆ ಬಿಟ್ಟಿದ್ದ. ಎಲ್ಲರೂ ಇಬ್ಬರಿಗೂ "ನಿಮಗೇ ಸಾರ್" ಎಂದಾಗಿತ್ತು. ಕೊಟ್ಟ ಮಾತು ತಪ್ಪುವುದುಂಟೇ?

ಆಲ್ಬಿನಾಳ ಸರದಿ ಬಂದಾಗ ಎಣ್ಣೆಯ ಬಾಣಲೆಯನ್ನು ಅಂಬುಜಮ್ಮನಿಗೆ ಒಪ್ಪಿಸಿ, ಕೈ ಒರೆಸಿಕೊಂಡು ಹೋದಳು. ಫೋಲ್ಡರ್ ನಿಲ್ಲಿಸಿದಳು. ಸುತ್ತ ಅಷ್ಟು ಜನರಿದ್ದರೂ ಆ ರಟ್ಟಿನ ಹಿಂದಿನ ಒಂದು ಗೇಣು ಜಾಗಕ್ಕೆ ಯಾರ ದನಿಯೂ ಬರಲಿಲ್ಲ. ಚಹಾ ಎಲ್ಲಿ ಎನ್ನುವವರಿಲ್ಲ. ಅವಳು ಅವಸರ ಮಾಡಲಿಲ್ಲ. ಒಂದೊಂದೇ ಮೊಟ್ಟೆಯನ್ನು ಅಂಚು ತಪ್ಪದಂತೆ, ದೋಸೆ ತಿರುವುವಷ್ಟು ಜತನದಿಂದ ತುಂಬಿದಳು. ಆಹಾರ ಸಮಿತಿಯಲ್ಲಿ ಮೊದಲು ತುಂಬಿದ್ದು ಎಲಿಯಾಸನ ಮೊಟ್ಟೆ. ಅಧ್ಯಕ್ಷರಿಗೆ ಯಾರದ್ದು ತುಂಬಿದಳೋ, ಅದನ್ನು ಅವಳು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.

ಎಣಿಕೆ ಮುಗಿದಾಗ ಎಲಿಯಾಸನ ಮುಖ ಬೆವೆತಿತ್ತು.

"ಅಧ್ಯಕ್ಷ ಸ್ಥಾನ. ದೊರೆಸ್ವಾಮಿ ಹನ್ನೊಂದು. ಕಿಶೋರ್ ಹತ್ತು." ಕಾಗದವನ್ನು ಇನ್ನೊಮ್ಮೆ ನೋಡಿದ. "ಹದಿನೇಳು ಮಂದಿ ಇಬ್ಬರಿಗೂ ತುಂಬಿದ್ದಾರೆ."

ಸಭೆಯಲ್ಲಿ ಹದಿನೇಳು ಜನ ತಮ್ಮ ತಮ್ಮ ಮೊಬೈಲನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಕಿಶೋರ್ ಎದ್ದು ನಿಂತ. "ಏನ್ ಸಾರ್ ಇದು? ಹದಿನೇಳು ಓಟು ಹಂಗೇ ಕಸದಬುಟ್ಟಿಗಾ? ಈ ಎಲೆಕ್ಷನ್ನೇ ಕ್ಯಾನ್ಸಲ್ ಮಾಡಿ! ಇನ್ನೊಂದ್ ಸಲ ನಡೆಸಿ!"

ಅಡುಗೆಕೋಣೆಯ ಬಾಗಿಲಲ್ಲಿ ಸಟ್ಟುಗ ಹಿಡಿದು ನಿಂತಿದ್ದ ಆಲ್ಬಿನಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಎಲ್ಲವೂ ರದ್ದಾದರೆ ಆಹಾರ ಸಮಿತಿಯೂ ರದ್ದು. ಎರಡನೆಯ ಸಲ ಎಲ್ಲರೂ ಓದಿಯೇ ಓದುತ್ತಾರೆ. ಅಲ್ಲಿಗೆ ನೂರೈವತ್ತು ಎಲೆ ಮತ್ತೆ ಅವಳ ತಲೆಗೇ.

ಅವಳನ್ನು ಕಾಪಾಡಿದ್ದು ಸ್ವತಃ ದೊರೆಸ್ವಾಮಿ. ಒಂದು ಓಟಿನಿಂದ ಉಳಿದ ಕುರ್ಚಿಯನ್ನು ಎರಡೂ ಕೈಯಿಂದ ಹಿಡಿದುಕೊಂಡವರಂತೆ ಅವರು ಗುಡುಗಿದರು.

"ಯಾಕ್ರೀ ಕ್ಯಾನ್ಸಲ್? ಪೇಪರ್‌ನಲ್ಲಿ ಸ್ಪಷ್ಟವಾಗಿ ಬರ್ದಿದೆ, ಜಾಸ್ತಿ ತುಂಬಿದ್ರೆ ರದ್ದು ಅಂತ. ನಾನೇ ಓದಿ ಸಹಿ ಹಾಕಿದೀನಿ. ಈ ಪೇಪರ್‌ನಲ್ಲಿರೋ ಒಂದೊಂದು ಅಕ್ಷರಾನೂ ಕಾನೂನು! ಒಂದನ್ನ ಒಪ್ಪಿ ಒಂದನ್ನ ಬಿಡೋ ಹಾಗಿಲ್ಲ. ಏನ್ ಆಲ್ಬಿನಾ ಅವ್ರೇ, ನೀವೇ ಟೈಪ್ ಮಾಡಿದ್ದಲ್ವಾ, ಓದ್ರೀ ಜೋರಾಗಿ!"

"ಪೂರ್ತಿ ಓದುದಾ ಸಾರ್?"

"ಪೂರ್ತಿ!"

ಆಲ್ಬಿನಾ ಸಟ್ಟುಗವನ್ನು ಕಂಕುಳಲ್ಲಿಟ್ಟುಕೊಂಡು ಕಾಗದ ತೆಗೆದುಕೊಂಡಳು. ಮೊದಲ ಸೂಚನೆಗೆ ದೊರೆಸ್ವಾಮಿಯವರು ತಲೆದೂಗಿದರು. ಎರಡನೆಯದಕ್ಕೂ ತೂಗಿದರು. ಮೂರನೆಯದರಲ್ಲಿ 'ಹೆಚ್ಚುವುದು' ಬರುವ ಹೊತ್ತಿಗೆ ತೂಗುವುದು ನಿಧಾನವಾಯಿತು. 'ಬೇಯಿಸುವುದು' ಎನ್ನುವಾಗ ನಿಂತಿತು. ಆಮೇಲೆ ಎಲಿಯಾಸ್, ತಾನು ಏನು ಓದುತ್ತಿದ್ದೇನೆಂದು ಈಗಷ್ಟೇ ಅರ್ಥವಾದ ದನಿಯಲ್ಲಿ, ಆಯ್ಕೆಯಾದ ಹನ್ನೆರಡು ಮಂದಿಯ ಹೆಸರು ಓದಿದ. ಎಲ್ಲಕ್ಕಿಂತ ಹೆಚ್ಚು ಓಟು ದೊರೆಸ್ವಾಮಿಯವರಿಗೆ, ಇಪ್ಪತ್ತೊಂಬತ್ತು. ನಂತರ ಕಿಶೋರ್, ಸಂಕಪ್ಪ. ಒಂಬತ್ತನೆಯವನು ಎಲಿಯಾಸ್.

ಸಂಕಪ್ಪ ಸೂರ್‌ನ ಗ್ಯಾಸ್ ಸ್ಥಾವರದಿಂದ ಎರಡು ಗಂಟೆ ಕಾರು ಓಡಿಸಿಕೊಂಡು ಬಂದಿದ್ದ ದೊಡ್ಡ ಮೀಸೆಯ ಮನುಷ್ಯ. "ಎಂತದು? ಬೇಯಿಸುದಾ?" ಎಂದು ಅವನು ಕೂಗಿದ. "ನಾನು ಬ್ಯಾಡ್ಜ್ ಹಾಕ್ಲಿಕ್ಕೆ ಅಂತ ಒಪ್ಪಿದ್ದು ಮಾರಾಯ್ರೇ!"

"ಬ್ಯಾಡ್ಜೂ ಉಂಟು ಸಂಕಪ್ಪಣ್ಣ," ಎಂದಳು ಆಲ್ಬಿನಾ. "ಏಪ್ರನ್ನಿನ ಮೇಲೆ ಹಾಕ್ಲಿಕ್ಕೆ ಆಗ್ತದೆ."

ಕಿಶೋರ್ ದೊರೆಸ್ವಾಮಿಯವರ ಕಡೆ ತಿರುಗಿ ಮೊದಲ ಸಲ ಮನಸಾರೆ ನಕ್ಕ. "ಸಾರ್, ಈಗ ಹೇಳಿ. ಕ್ಯಾನ್ಸಲ್ ಮಾಡೋಣ್ವಾ?"

ದೊರೆಸ್ವಾಮಿ ಕುರ್ಚಿಯನ್ನು ನೋಡಿದರು. ಒಲೆಯ ಕಡೆ ನೋಡಿದರು. ಬಾಗಿಲಲ್ಲಿ ಆಲ್ಬಿನಾಳ ಹಿಂದೆ ಮೂವತ್ತು ಮೂವತ್ತೈದು ಹೆಂಗಸರು ಒಬ್ಬರ ಭುಜದ ಮೇಲೊಬ್ಬರು ಗದ್ದವಿಟ್ಟು ನಿಂತಿದ್ದರು. ಅವರ ನಡುವೆ ಅಂಬುಜಮ್ಮ, ಮೂವತ್ತಾರು ವರ್ಷ ಸಂಸಾರ ಮಾಡಿದ ಹೆಂಗಸು, ಗಂಡನನ್ನು ಬಹಳ ಕುತೂಹಲದಿಂದ ನೋಡುತ್ತಿದ್ದರು.

"ನಾನು ಹೇಳಿದ ಮಾತಿಗೆ ತಪ್ಪೋನಲ್ಲ," ಎಂದರು ದೊರೆಸ್ವಾಮಿ ಕೊನೆಗೆ, ಸಣ್ಣ ದನಿಯಲ್ಲಿ.

ಹಬ್ಬದೂಟ ಮಸ್ಕತ್ತಿನ ಹೊರಗಿನ ಬರ್ಕಾದ ಬಾಡಿಗೆ ತೋಟದಲ್ಲಿ. ಹಿಂದಿನ ಮೂರು ದಿನ ಹನ್ನೆರಡು ಮನೆಗಳಲ್ಲಿ ಫೋನು ಬಿಡುವಿಲ್ಲದೆ ರಿಂಗಣಿಸಿತು. ಉದ್ದು ನೆನೆಯಲು ಎಷ್ಟು ಹೊತ್ತು? ನೂರೈವತ್ತು ಜನಕ್ಕೆ ಹುಳಿ ಎಂದರೆ ಎಷ್ಟು ಬಕೆಟ್? ಸಂಕಪ್ಪ ಸೂರ್‌ನಿಂದ ಯಾರೂ ಹೇಳದೆಯೇ ಎರಡು ದೊಡ್ಡ ಮೀನು ತಂದು, ಅದನ್ನು ಹೆಚ್ಚಲು ಬಾರದೆ ಅರ್ಧ ಗಂಟೆ ಅದರ ಮುಂದೆ ಕೂತಿದ್ದ. ಕಿಶೋರ್ ಈರುಳ್ಳಿ ಹೆಚ್ಚುವುದು ಹೇಗೆಂದು ಮೊಬೈಲಿನಲ್ಲಿ ನೋಡಿ, ಈಜುವಾಗ ಹಾಕುವ ಕನ್ನಡಕ ಹಾಕಿಕೊಂಡು ಹೆಚ್ಚಿದ. ದೊರೆಸ್ವಾಮಿಯವರ ಬಿಸಿಬೇಳೆಬಾತ್ ತಳ ಹಿಡಿಯಿತು. ಮೇಲಿನ ಮುಕ್ಕಾಲು ಭಾಗ ಮಾತ್ರ, ಸುಳ್ಳು ಹೇಳಬಾರದು, ಚೆನ್ನಾಗಿಯೇ ಇತ್ತು. ಹೆಂಗಸರು ಖರ್ಜೂರದ ಮರಗಳ ನೆರಳಿನಲ್ಲಿ ಮೊದಲ ಪಂಕ್ತಿಗೇ ಕೂತರು. ಹಪ್ಪಳ ಬಾಣಲೆಯಿಂದ ನೇರ ಎಲೆಗೆ ಬರುವುದು ಎಂದರೆ ಏನೆಂದು ಅವರಲ್ಲಿ ಹಲವರಿಗೆ ಮದುವೆಯಾದ ಮೇಲೆ ಗೊತ್ತಾದದ್ದು ಅಂದೇ. ಆಲ್ಬಿನಾ ಮೂರು ಸಲ ಹಾಕಿಸಿಕೊಂಡಳು.

ಊಟವಾದ ಮೇಲೆ ಎಲ್ಲರೂ ಒರಗಿದರು. ಬಿಸಿಬೇಳೆಬಾತಿನ ತಳ ಹಿಡಿದ ಹಂಡೆ ಮಾತ್ರ ನಲ್ಲಿಯ ಕೆಳಗೆ ನೀರು ತುಂಬಿಕೊಂಡು ಕೂತಿತ್ತು.

"ಅದು ನೆನೀಲಿ ಬಿಡಿ," ಎಂದರು ದೊರೆಸ್ವಾಮಿ, ಯಾರಿಗೆ ಎಂದಿಲ್ಲದೆ. "ಆಮೇಲೆ ನೋಡ್ಕೊಂಡ್ರಾಯ್ತು."

ನೆನೆಯಲು ಬಿಟ್ಟ ಪಾತ್ರೆಗೆ ಕಾಲು ಬಂದು ಯಾವ ಕಡೆ ನಡೆಯುತ್ತದೆಂದು ಹೆಂಗಸರಿಗೆ ಗೊತ್ತಿತ್ತು. ಅಂಬುಜಮ್ಮ ಅಭ್ಯಾಸಬಲದಿಂದ ಸೆರಗು ಸಿಕ್ಕಿಸಿಕೊಂಡು ಏಳಹೊರಟರು. ಆಲ್ಬಿನಾ ಅವರ ಮಂಡಿಯ ಮೇಲೆ ಕೈಯಿಟ್ಟಳು.

"ಕೂತ್ಕೊಳ್ಳಿ ಅಂಬುಜಮ್ಮ."

"ಅಲ್ಲ ಕಣೇ, ಒಂದು ಪಾತ್ರೆ…"

"ಕೂತ್ಕೊಳ್ಳಿ."

ಅವರು ಕೂತರು. ಒಬ್ಬರು ಕೂತಿದ್ದನ್ನು ನೋಡಿ ಎದ್ದಿದ್ದ ಇನ್ನಿಬ್ಬರೂ ಕೂತರು. ಹನ್ನೆರಡು ಗಂಡಸರು ಹಂಡೆಯನ್ನು ನೋಡಿದರು, ಹೆಂಗಸರನ್ನು ನೋಡಿದರು, ಮತ್ತೆ ಹಂಡೆಯನ್ನು ನೋಡಿದರು. ಹೆಂಗಸರು ಖರ್ಜೂರದ ಗೊನೆಗಳನ್ನು ನೋಡುತ್ತಿದ್ದರು. ಯಾರಾದರೂ ಒಬ್ಬಳು ಈಗ ಎದ್ದಿದ್ದರೆ ಚುನಾವಣೆ ಅಲ್ಲಿಗೇ ಮುಗಿಯುತ್ತಿತ್ತು. ಒಂದು ನಿಮಿಷ ಹೋಯಿತು, ಎರಡಾಯಿತು.

ಕೊನೆಗೆ ಎದ್ದವನು ಎಲಿಯಾಸ್. ಪ್ಯಾಂಟಿನ ಕಾಲು ಮಡಚಿ, ನಲ್ಲಿಯ ಹತ್ತಿರ ಹೋಗಿ, ಹಂಡೆಯ ಸುತ್ತ ಒಂದು ಪ್ರದಕ್ಷಿಣೆ ಬಂದ. ಅವನ ಹಿಂದೆ ದೊರೆಸ್ವಾಮಿಯವರೂ ನಿಟ್ಟುಸಿರು ಬಿಟ್ಟು ತೋಳು ಮಡಚುತ್ತ ಹೊರಟರು.

"ಆಬಿ," ಎಂದು ಎಲಿಯಾಸ್ ಅಲ್ಲಿಂದಲೇ ಕೂಗಿದ, "ತಿಕ್ಕುವ ಬ್ರಶ್ ಎಲ್ಲುಂಟು?"

ಇಪ್ಪತ್ತಮೂರು ವರ್ಷದಲ್ಲಿ ಅವನು ಕೇಳಿದ ಇಂಥ ಒಂದು ಪ್ರಶ್ನೆಗೂ ಅವಳ ಬಳಿ ಉತ್ತರ ಇಲ್ಲದೆ ಇರಲಿಲ್ಲ. ಬನಿಯನ್ ಎಲ್ಲುಂಟು, ಜೀರಿಗೆ ಎಲ್ಲುಂಟು, ನನ್ನ ಕನ್ನಡಕ ಎಲ್ಲುಂಟು. ಆಲ್ಬಿನಾ ಯೋಚಿಸಿ ನೋಡಿದಳು. ಆ ಸಾಮಾನು ಕಟ್ಟಿದವಳು ಅವಳಲ್ಲ, ಇಳಿಸಿದವಳೂ ಅಲ್ಲ.

"ನನಗೆ ಗೊತ್ತಿಲ್ಲ ಮಾರಾಯ್ರೇ," ಎಂದಳು. ಅದು ನಿಜವಾಗಿತ್ತು. ಅವಳು ಕಾಲು ಚಾಚಿ ಖರ್ಜೂರದ ಮರಕ್ಕೆ ಒರಗಿದಳು.